ಎಷ್ಟು ತಾಸು ಹುಟ್ಟು ಹಾಕಬೇಕು? ಕಾಳಿ ದಂಡೆಯ ಮಾಸ್ತರರ ತರಬೇತಿ ಬಗ್ಗೆ

ಇಂಗ್ಲೆಂಡಿನಲ್ಲಿ ಕಯಾಕ್ ಎಂಬ ಕಿರುದೋಣಿಯ ರೇಸ್ ಮುಗಿಸಿ ವಾಪಸ್ ಬಂದ ಮೇಲೆ ಬ್ಯಾಂಕಿನಲ್ಲಿ, ಕಾರವಾರ ಬಸ್ ಸ್ಟ್ಯಾಂಡಿನಲ್ಲಿ, ಶಿರಸಿಯ ಮದುವೆ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಇಪ್ಪತ್ತಾರು ತಾಸು ದೋಣಿ ನಡೆಸಲಿಕ್ಕೆ ದಿನಾ ಎಷ್ಟು ತಾಸು ಪ್ರಾಕ್ಟೀಸ್ ಮಾಡಿದ್ರಿ?" ಹೆಚ್ಚಿನ ದಿನ ಒಂದರಿಂದ ಒಂದೂವರೆ ತಾಸು ಎಂದರೆ ಯಾರೂ ನಂಬುವುದಿಲ್ಲ. ಮಾಸ್ತರರ ಕೈಯಲ್ಲಿ ನಾನು ಒಮ್ಮೆಗೇ ಮಾಡಿದ್ದು ಅತಿ ಹೆಚ್ಚೆಂದರೆ ಐದೂವರೆ ತಾಸು, ಅದೂ ಒಂದೇ ಸಲ. ನಂಬದವರಿಗೆ ಲೆಕ್ಕ ಒಪ್ಪಿಸಬೇಕು. ಜೊತೆಗೆ ನಮ್ಮ ಕಾಳಿ ನದಿಯಲ್ಲೇ ಇಂಥದೊಂದು ತರಬೇತಿ ಸಿಗುತ್ತದೆ ಎಂಬುದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೇಸಿನ ಹೆಸರು ಡಿವೈಜಸ್–ವೆಸ್ಟ್‌ಮಿನ್‌ಸ್ಟರ್. 1948ರಲ್ಲಿ ಶುರುವಾದದ್ದು, ಈಸ್ಟರ್ ಹಬ್ಬದ ಹೊತ್ತಿಗೆ ನಡೆಯುತ್ತದೆ. ಡಿವೈಜಸ್ ಎಂಬ ಊರಿನ ಕಾಲುವೆಯಲ್ಲಿ ದೋಣಿ ಇಳಿಸಿದರೆ ಲಂಡನ್ನಿನ ಪಾರ್ಲಿಮೆಂಟ್ ಪಕ್ಕದ ಸೇತುವೆ ಹತ್ತಿರ ಮೇಲೆ ಏಳಬೇಕು. 125 ಮೈಲಿ, ಅಂದರೆ 201 ಕಿಲೋಮೀಟರ್. ಮೊದಲ 54 ಮೈಲಿ ಕೆನೆಟ್ ಆಂಡ್ ಏವನ್ ಕಾಲುವೆ, ರೆಡಿಂಗ್ ಊರಿನಿಂದ ಮುಂದೆ ಥೇಮ್ಸ್ ನದಿ. ದಾರಿಯಲ್ಲಿ 77 ಕಡೆ ದೋಣಿಯನ್ನು ನೀರಿನಿಂದ ಎತ್ತಿ, ಹೆಗಲ ಮೇಲಿಟ್ಟು ಓಡಿ, ಲಾಕಿನ (ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲುಕಟ್ಟೆಯ) ಆಚೆ ಮತ್ತೆ ಇಳಿಸಬೇಕು. ಒಬ್ಬರೇ ಕೂರುವ ದೋಣಿಯವರಿಗೆ ನಾಲ್ಕು ದಿನ. ಇಬ್ಬರ ದೋಣಿಯಾದರೆ ರಾತ್ರಿಯೂ ನಿಲ್ಲದೆ ಒಂದೇ ಸಮ ಹೋಗಬಹುದು. ಹಾಗೆ ಹೋದವರ ದಾಖಲೆ 15 ತಾಸು 34 ನಿಮಿಷ, 1979ರದ್ದು. ನಾನು ಮತ್ತು ಹೆಂಡತಿಯ ತಮ್ಮ 26 ತಾಸು 20 ನಿಮಿಷದಲ್ಲಿ ಮುಗಿಸಿದೆವು. ಅವನು ರೆಡಿಂಗಿನಲ್ಲೇ ಕೆಲಸ ಮಾಡುತ್ತಾನೆ, ಮನೆಯಲ್ಲಿ ನಾವೆಲ್ಲ ಅವನನ್ನು ಇನ್ನೂ ಮಾಣಿ ಎಂದೇ ಕರೆಯುವುದು. "ಭಾವ, ನೀವು ಬರ್ತ್ರಿ ಅಂದ್ರೆ ಮಾತ್ರ ನಾನು ಹೆಸರು ಕೊಡ್ತೆ" ಎಂದು ಅವನು ಫೋನು ಮಾಡಿದ್ದು ಹಿಂದಿನ ವರ್ಷದ ಗಣೇಶ ಚೌತಿ ದಿನ.

ಆಗ ನನಗೆ ನಲವತ್ಮೂರು. ಹುಟ್ಟಿದ್ದು ಶಿರಸಿ ಕಡೆ ಅಡಿಕೆ ತೋಟದ ಮನೆಯಲ್ಲಿ, ಹದಿನಾಲ್ಕು ವರ್ಷದಿಂದ ಕಾರವಾರದಲ್ಲಿ ಬ್ಯಾಂಕ್ ನೌಕರಿ. ಆರು ವರ್ಷದಿಂದ ರಜೆಯ ದಿನ ಕಯಾಕ್ ನಡೆಸುತ್ತಿದ್ದೆ, ಅಷ್ಟೇ.

ಮೊದಲು ನಾನು ದುಡ್ಡು ಸುರಿದದ್ದು ಮಾಸ್ತರರಿಗಲ್ಲ. ಹೊರದೇಶದ ಒಂದು ಆನ್‌ಲೈನ್ ಕೋಚಿಂಗಿಗೆ. ಹೆಸರು ಬೇಡ. ಅವರ ಯೋಜನೆ ಕಿಲೋಮೀಟರ್ ಲೆಕ್ಕದ್ದು. ವಾರಕ್ಕೆ ಇಷ್ಟು ಕಿಲೋಮೀಟರ್, ಭಾನುವಾರ ಇಷ್ಟು, ವಾರವಾರಕ್ಕೂ ಏರುತ್ತ ಹೋಗುವುದು. ಕೆರೆಯಲ್ಲೋ ಕಾಲುವೆಯಲ್ಲೋ ಪ್ರಾಕ್ಟೀಸ್ ಮಾಡುವವರಿಗೆ ಅದು ಸರಿ ಇದ್ದೀತು. ಕಾಳಿಯಲ್ಲಿ ನಡೆಯುವುದಿಲ್ಲ. ನದಿ ಸಮುದ್ರ ಸೇರುವ ಸದಾಶಿವಗಡದಿಂದ ಒಳಗೆ ಬಹಳ ದೂರದವರೆಗೆ ಕಾಳಿ ಸಮುದ್ರದ ಮಾತು ಕೇಳುವ ನದಿ. ಭರತಿ ಏರುವಾಗ ನೀರು ಘಟ್ಟದ ಕಡೆ ಹರಿಯುತ್ತದೆ, ಇಳಿತದಲ್ಲಿ ಸಮುದ್ರಕ್ಕೆ. ಆರು ತಾಸಿಗೊಮ್ಮೆ ದಿಕ್ಕು ಬದಲು. ನನ್ನ ಗಡಿಯಾರದ ಜಿಪಿಎಸ್ ಪ್ರಕಾರ ಇಳಿತದ ಜೊತೆ ಬಂದರೆ ತಾಸಿಗೆ ಹತ್ತು ಕಿಲೋಮೀಟರ್, ಅದಕ್ಕೆ ಎದುರಾಗಿ ಹೋದರೆ ಐದೂವರೆ. ಹುಟ್ಟು ಹಾಕುವ ಶಕ್ತಿ ಅದೇ.

ಮೂರನೇ ಭಾನುವಾರ ಯೋಜನೆ 36 ಕಿಲೋಮೀಟರ್ ಕೇಳಿತು. ನಾನು ಕೊಟ್ಟೆ. ಮೇಲೆ ಹೋಗುವಾಗ ಇಳಿತ ಎದುರು, ತಿರುಗಿ ಬರುವಾಗ ಭರತಿ ಎದುರು, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಮುಖಕ್ಕೆ. ಆರೂಮುಕ್ಕಾಲು ತಾಸು ಹಿಡಿಯಿತು. ಫೋನಿನ ಪರದೆಯಲ್ಲಿ ಹಸಿರು ಟಿಕ್ ಬಿತ್ತು. ಮರುದಿನ ಬ್ಯಾಂಕಿನಲ್ಲಿ ಸಹಿ ಮಾಡಲು ಪೆನ್ನು ಹಿಡಿದರೆ ಬಲಗೈ ಮಣಿಕಟ್ಟು ಉರಿ. ಅದರ ಮೇಲೆ ಎಡಗೈ ಹೆಬ್ಬೆರಳಿಟ್ಟು ಬೆರಳು ಆಡಿಸಿದರೆ ಒಳಗೆ ಒಣ ಹುಲ್ಲು ತುಳಿದ ಹಾಗೆ ಕರಕರ ಎನ್ನುತ್ತಿತ್ತು. ಕೈ ಕೆಲಸದವರಿಗೆ, ಹುಟ್ಟು ಹಾಕುವವರಿಗೆ ಬರುವ ಪೆಟ್ಟೇ ಅದು. ಸ್ನಾಯುರಜ್ಜುವಿನ ಕವಚ ಬಾತು ರಜ್ಜು ಒಳಗೆ ತಿಕ್ಕುತ್ತದೆ. ಡಾಕ್ಟರು ಮೂರು ವಾರ ಕೈ ಎತ್ತಬೇಡಿ ಎಂದರು. ಆನ್‌ಲೈನ್ ಕೋಚಿಂಗಿನವರಿಗೆ ಬರೆದರೆ ಎರಡು ದಿನ ಬಿಟ್ಟು ಬಂದ ಉತ್ತರ: ತಪ್ಪಿಹೋದ ಕಿಲೋಮೀಟರುಗಳನ್ನು ಮುಂದಿನ ವಾರಗಳಿಗೆ ಹಂಚಲಾಗಿದೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಅದನ್ನು ಓದಿದಾಗ. ದುಡ್ಡು ವಾಪಸ್ ಸಿಗಲಿಲ್ಲ.

ಈಗ ಮಾಸ್ತರರ ವಿಷಯ. ಅವರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ, ಕಾರಣ ಬೇರೆ. "ಎಂಟು ಜನಕ್ಕಿಂತ ಹೆಚ್ಚು ನನಗೆ ನೋಡಿಕೊಳ್ಳಲಿಕ್ಕೆ ಆಗೋದಿಲ್ಲ, ಬೋರ್ಡು ಹಾಕಬೇಡಿ" ಎಂದು ಅವರೇ ಹೇಳಿದ್ದಾರೆ. ಕಡವಾಡದ ಕಡೆ ನದಿ ದಂಡೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು, ಅಪ್ಪ ಅಜ್ಜ ಬಲೆ ಬಿಡುತ್ತಿದ್ದವರು. ಮಡಲಿನ ಚಪ್ಪರದ ಕೆಳಗೆ ಒಬ್ಬರ ಕಯಾಕ್ ಎರಡು, ಇಬ್ಬರದ್ದು ಒಂದು, ಕಲಿಯುವವರ ಅಗಲ ದೋಣಿ ನಾಲ್ಕು, ಅವರ ಅಪ್ಪನ ಪಾತಿ ದೋಣಿ ಒಂದು. ನೀರಿಗೆ ಇಳಿಯಲು ಚಿರೆಕಲ್ಲಿನ ಹನ್ನೊಂದು ಮೆಟ್ಟಿಲು. ಫೀ ತಿಂಗಳಿಗೆ 3,500 ರೂಪಾಯಿ, ದೋಣಿ ಅವರದ್ದಾದರೆ 5,000.

ಮೊದಲ ದಿನ ನನ್ನ ಮಣಿಕಟ್ಟು ಹಿಡಿದು ಒತ್ತಿ ನೋಡಿದರು. ರೇಸಿನ ಬಗ್ಗೆ ಎಲ್ಲ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಈಸ್ಟರ್ ಅಂದ್ರೆ ಹುಣ್ಣಿಮೆ ಆಗಿ ಎಷ್ಟನೇ ದಿನ?" ಈಸ್ಟರ್ ಬರುವುದು ಹುಣ್ಣಿಮೆಯ ನಂತರದ ಭಾನುವಾರ ಎಂದು ನಾನೂ ಆವತ್ತೇ ಸರಿಯಾಗಿ ಹುಡುಕಿ ನೋಡಿದ್ದು. ಥೇಮ್ಸಿನ ಕೊನೆಯ 17 ಮೈಲಿ, ಟೆಡಿಂಗ್ಟನ್ ಎಂಬಲ್ಲಿಂದ ಕೆಳಗೆ, ಭರತಿ ಇಳಿತದ ನೀರು. ಇಳಿತ ಇರುವ ಹೊತ್ತಿನಲ್ಲಿ ಅಲ್ಲಿ ಮುಟ್ಟದಿದ್ದರೆ ಕಾಯಬೇಕು. ಹಾಗಾಗಿ ರೇಸಿನವರು ಹೊರಡುವ ಹೊತ್ತನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನೀರು ಏರಿಳಿಯುವುದು ಎರಡು ಮೀಟರ್ ಆಸುಪಾಸು, ಲಂಡನ್ನಿನಲ್ಲಿ ಆರೇಳು ಮೀಟರ್. "ಹಾಗಾದ್ರೆ ನೀವು ಕಲಿಯೋದು ಇಲ್ಲೇ" ಎಂದರು.

ಅವರ ಪದ್ಧತಿಯಲ್ಲಿ ಕಿಲೋಮೀಟರ್ ಎಂಬುದೇ ಇಲ್ಲ. ನೀರಿನಲ್ಲಿರುವ ಹೊತ್ತು ಮಾತ್ರ. ಒಂದು ಸೆಷನ್ನಿಗೆ ಅವರು ಪಾಳಿ ಎನ್ನುತ್ತಾರೆ. ಪಾಳಿ ಎಷ್ಟು ಹೊತ್ತು ಎನ್ನುವುದನ್ನು ಮೊದಲೇ ಒಂದು ಅಂದಾಜಿಗೆ ಹೇಳುತ್ತಾರೆ, ಆದರೆ ತೀರ್ಮಾನ ಮಾಡುವುದು ಕಿವಿ. ದಂಡೆಯ ಹತ್ತಿರ ಸುತ್ತು ಹಾಕಿಸುತ್ತ ಹನ್ನೊಂದು ಮೆಟ್ಟಿಲಿನ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ, ಪ್ಯಾಡಲ್ ನೀರಿಗೆ ಬೀಳುವ ಸದ್ದು ಕೇಳುತ್ತಾರೆ. ಅಲಗು ಸರಿಯಾಗಿ ಇಳಿದರೆ ಚುಪ್ ಎನ್ನುತ್ತದೆ, ನೀರು ಚಿಮ್ಮುವುದಿಲ್ಲ. ಬೆನ್ನು ತಿರುಗುವುದು ನಿಂತು ಬರೀ ತೋಳಿನಲ್ಲಿ ಎಳೆಯಲು ಶುರು ಮಾಡಿದಿರೋ, ಸದ್ದು ಪಚಕ್ ಎಂದು ಒಡೆಯುತ್ತದೆ. ಅಲಗು ಓರೆ ಬಿದ್ದದ್ದು, ಮಣಿಕಟ್ಟು ಅದನ್ನು ಸರಿಮಾಡಲು ತಿರುಚಿಕೊಂಡದ್ದು, ಎರಡೂ ಆ ಸದ್ದಿನಲ್ಲಿದೆ. ಸದ್ದು ಒಡೆದ ನಿಮಿಷವನ್ನು ಒಂದು ಹಳೇ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಹತ್ತು ನಿಮಿಷ, ಸದ್ದು ತಿರುಗಿ ಸರಿ ಮಾಡಲು ಒಂದು ಅವಕಾಶ. ಆಗದಿದ್ದರೆ, "ಹೆಗಡೇರೇ, ಸಾಕು. ದಂಡೆಗೆ ಬನ್ನಿ."

ಮೊದಲ ದಿನ ನನ್ನ ಹೆಸರಿನ ಮುಂದೆ ಬಿದ್ದದ್ದು 38 ನಿಮಿಷ. ಆರು ವರ್ಷ ಕಯಾಕ್ ನಡೆಸಿದವನಿಗೆ ಮೂವತ್ತೆಂಟು. ನನಗೆ ಒಳಗೊಳಗೇ ಬಹಳ ಬೇಜಾರಾಯಿತು, ಇನ್ನೂ ಶಕ್ತಿ ಇತ್ತು. ಅವರು ಹೇಳಿದ್ದನ್ನು ಅವತ್ತೇ ಬರೆದಿಟ್ಟುಕೊಂಡೆ: "ಶಕ್ತಿ ಇದೆ, ಹೌದು. ಎದೆ, ತೋಳು ಆರು ವಾರದಲ್ಲಿ ಬೆಳೀತಾವೆ. ನರ, ಗಂಟು ಬೆಳೀಲಿಕ್ಕೆ ತಿಂಗಳುಗಟ್ಟಲೆ ಬೇಕು. ಶಕ್ತಿ ನಿಮ್ಮನ್ನು ನೀರಿನಲ್ಲಿ ಕೂಡ್ರಿಸ್ತದೆ, ಗಂಟು ಪೆಟ್ಟು ತಿಂತದೆ." ನರ ಎಂದು ಅವರು ಹೇಳುವುದು ಸ್ನಾಯುರಜ್ಜುವಿಗೆ. ನಿಮಿಷಕ್ಕೆ ಅರವತ್ತು ಹುಟ್ಟು ಹಾಕಿದರೆ ತಾಸಿಗೆ 3,600. ದೋಣಿ ಹೊತ್ತು ಓಡುವ ಹೊತ್ತು ಕಳೆದರೂ ರೇಸಿನಲ್ಲಿ ಎಂಬತ್ತು ಸಾವಿರ ಸಲ ಮಣಿಕಟ್ಟು ಅದೇ ಕೆಲಸ ಮಾಡಬೇಕು. ಅದರಲ್ಲಿ ಒಡೆದ ಸದ್ದಿನ ಹುಟ್ಟು ಎಷ್ಟು ಎಂಬುದೇ ಲೆಕ್ಕ.

ವಾರದ ಪಾಳಿ ಹೀಗೆ. ಮಂಗಳವಾರ ಬೆಳಿಗ್ಗೆ ಒಂದು ತಾಸು: ಹತ್ತು ನಿಮಿಷ ಮೈ ಬಿಸಿ ಮಾಡಿ, ಐದೈದು ನಿಮಿಷ ಜೋರಾಗಿ ಆರು ಸಲ, ನಡುವೆ ಎರಡು ನಿಮಿಷ ಸಾವಕಾಶ. ಗುರುವಾರ ಎಪ್ಪತ್ತೈದರಿಂದ ತೊಂಬತ್ತು ನಿಮಿಷ, ಮಾತಾಡುತ್ತ ಹೋಗಬಹುದಾದ ವೇಗದಲ್ಲಿ. ಶನಿವಾರ ಒಂದೂವರೆ ತಾಸು, ಕೊನೆಗೆ ಹದಿನೈದು ನಿಮಿಷ ದೋಣಿ ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು. ಭಾನುವಾರ ಎರಡು ತಾಸು, ಮೂರು ವಾರದಲ್ಲಿ ಒಂದು ಭಾನುವಾರ ಮಾತ್ರ ಅದಕ್ಕಿಂತ ಉದ್ದದ ಪಾಳಿ. ನೌಕರಿ ಇರುವ ನನ್ನಂಥವರಿಗೆ ಇದು ಕೈಗೆಟುಕುವ ಲೆಕ್ಕ. ಬೆಳಿಗ್ಗೆ ಆರಕ್ಕೆ ನೀರಿಗಿಳಿದರೆ ಹತ್ತಕ್ಕೆ ಬ್ಯಾಂಕಿನಲ್ಲಿ ಕೂತಿರುತ್ತಿದ್ದೆ, ನಿದ್ದೆ ತೂಗದೆ.

ಭರತಿಯನ್ನು ಅವರು ಬಳಸುವ ರೀತಿ ನೋಡಬೇಕು. ಗುರುವಾರ ಇಳಿತ ಜೋರಿದ್ದರೆ ಎದುರು ನೀರಿನಲ್ಲಿ ಒಂದು ತಾಸು ಮಾಡಿಸಿ ಒಂದೂವರೆ ಎಂದು ಬರೆದುಕೊಳ್ಳುತ್ತಾರೆ. ನೀರು ನಿಂತ ಹೊತ್ತಿದ್ದರೆ ಪೂರ್ತಿ ತೊಂಬತ್ತು ನಿಮಿಷ. ಉದ್ದದ ಪಾಳಿಗೆ ಮಾತ್ರ ಭರತಿಯ ಜೊತೆಗೆ ಕೆರವಡಿ ಕಡೆ ಮೇಲೆ ಕಳಿಸಿ, ನೀರು ತಿರುಗುವ ಹೊತ್ತಿಗೆ ನಮ್ಮನ್ನೂ ತಿರುಗಿಸುತ್ತಾರೆ. ಆ ತಿರುಗುವ ಗಳಿಗೆಯನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಸಿಕ್ಕ ಎಲೆ ನೋಡಿ ಹೇಳಬೇಕು, ಗಡಿಯಾರ ನೋಡಿ ಅಲ್ಲ. ಬಳಚು ಎಂಬ ಚಿಪ್ಪು ಹೆಕ್ಕುವ ಹೆಂಗಸರ ದೋಣಿಗಳು ನೀರು ಇಳಿದಂತೆಲ್ಲ ದಿಣ್ಣೆಗಳ ಹತ್ತಿರ ಸೇರುತ್ತವೆ, ಅವರನ್ನು ನೋಡಿಯೂ ಗೊತ್ತಾಗುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಹಳೇ ಸೇತುವೆಯ ಕಡೆಗೆ ಮಾತ್ರ ಅವರು ಯಾರನ್ನೂ ಬಿಡುವುದಿಲ್ಲ. ಕಡವಾಡದಿಂದ ಮೇಲಿನ ನೀರೇ ನಮಗೆ ಸಾಕು ಎನ್ನುತ್ತಾರೆ.

ಉದ್ದದ ಪಾಳಿಗಳನ್ನು ಇಲ್ಲಿ ಪೂರ್ತಿ ಕೊಡುತ್ತೇನೆ, ಯಾಕೆಂದರೆ ಜನ ಕೇಳುವುದೇ ಅದನ್ನು. ಡಿಸೆಂಬರ್ ನಡುವೆ ಎರಡೂವರೆ ತಾಸು. ಜನವರಿ ಮೊದಲ ವಾರ ಮೂರು ತಾಸು ಹತ್ತು ನಿಮಿಷ. ಜನವರಿ ಕೊನೆಗೆ ನಾಲ್ಕು. ಫೆಬ್ರುವರಿಯಲ್ಲಿ ಐದೂವರೆ, ಅದೊಂದೇ. ಮಾರ್ಚ್ ಮೊದಲ ವಾರ ಶನಿವಾರ ನಾಲ್ಕು, ಭಾನುವಾರ ಮೂರು, ಬೆನ್ನು ಬೆನ್ನಿಗೆ. ಅಲ್ಲಿಗೆ ಮುಗಿಯಿತು. ಒಂದು ಸಲ ಕೂಡ ಆರು ತಾಸು ಮುಟ್ಟಲಿಲ್ಲ.

ಮಾಣಿ ಅಲ್ಲಿ ಗಾಬರಿಯಾಗಿದ್ದ. ಅವನ ಜೊತೆಯವರು ರೇಸಿಗೆ ಮೊದಲು ಡಿವೈಜಸ್‌ನಿಂದ ನ್ಯೂಬರಿವರೆಗೆ 34 ಮೈಲಿಯ ತಯಾರಿ ರೇಸು ಮಾಡಿ ಬರುತ್ತಾರೆ, ಅವನೂ ಮಾಡಿದ. ಅದೂ ಹೆಚ್ಚಿನವರಿಗೆ ಐದಾರು ತಾಸಿನ ಕೆಲಸವೇ. ಅಲ್ಲಿಗೂ ಇಲ್ಲಿಗೂ ಲೆಕ್ಕ ಹೆಚ್ಚುಕಡಿಮೆ ಒಂದೇ ಎಂದು ಗೊತ್ತಾದ ಮೇಲೆ ಅವನ ಗಾಬರಿ ಇಳಿಯಿತು, ನನಗೂ ಧೈರ್ಯ ಬಂತು. ಮಾಸ್ತರರ ವಾದ ಹೀಗೆ: ನಾಲ್ಕೈದು ತಾಸಿನ ಮೇಲೆ ತೋಳು ಹೊಸದೇನನ್ನೂ ಕಲಿಯುವುದಿಲ್ಲ, ಆದರೆ ಆ ಮೇಲಿನ ಪ್ರತಿ ತಾಸಿಗೂ ಚೇತರಿಸಿಕೊಳ್ಳಲು ಒಂದು ದಿನ ಕೊಡಬೇಕಾಗುತ್ತದೆ. ಎಂಟು ತಾಸಿನ ಭಾನುವಾರ ಮಾಡಿದರೆ ಮಂಗಳವಾರ, ಗುರುವಾರ ಎರಡೂ ಹೋಯಿತು. ಅಷ್ಟು ಹೊತ್ತಿನ ಮೇಲೆ ಕಲಿಯುವುದು ಉಳಿದದ್ದು ಹೊಟ್ಟೆಗೆ, ಚರ್ಮಕ್ಕೆ, ನಿದ್ದೆಗೆ. ಅವಕ್ಕೆ ಬೇರೆ ಪಾಠ.

ಹೊಟ್ಟೆಯ ಪಾಠ ಮೂರು ತಾಸಿನ ಪಾಳಿಯಿಂದ ಶುರು. ತೊಂಬತ್ತು ನಿಮಿಷದವರೆಗೆ ಮೈಯಲ್ಲಿ ಕೂಡಿಟ್ಟ ಸಕ್ಕರೆಯಲ್ಲೇ ಸಾಗುತ್ತದೆ, ಏನು ತಿಂದರೂ ನಡೆಯುತ್ತದೆ, ತಿನ್ನದಿದ್ದರೂ ನಡೆಯುತ್ತದೆ. ಎರಡು ತಾಸು ದಾಟಿದ ಮೇಲೆ ತಿನ್ನದವನು ಕೂತಲ್ಲೇ ಖಾಲಿ. ಅರ್ಧ ತಾಸಿಗೊಮ್ಮೆ ಏನಾದರೂ ಬಾಯಿಗೆ ಬೀಳಬೇಕು ಎಂಬುದು ನಿಯಮ. ನಾನು ಡಬ್ಬಿಯಲ್ಲಿ ಬರುವ ಜೆಲ್ ತಂದಿದ್ದೆ. ನಾಲ್ಕು ತಾಸಿನ ಪಾಳಿಯಲ್ಲಿ, ಮೂರು ತಾಸು ನಲವತ್ತು ನಿಮಿಷಕ್ಕೆ, ಎಲ್ಲ ವಾಂತಿಯಾಯಿತು. ಅಂದೇ ಆಯಿಗೆ ಫೋನು ಮಾಡಿದೆ. ಅವಳು ಶಿರಸಿಯಿಂದ ಅವಲಕ್ಕಿ ಬೆಲ್ಲದ ಪುಟ್ಟ ಉಂಡೆ ಮಾಡಿ ಬಸ್ಸಿನಲ್ಲಿ ಕಳಿಸಿದಳು, ಒಂದೊಂದು ನಿಂಬೆಹಣ್ಣಿನ ಗಾತ್ರ, ಬಾಯಿಗೆ ಹಾಕಿಕೊಂಡರೆ ಅಗಿಯುವ ಕೆಲಸವಿಲ್ಲ. ಜೊತೆಗೆ ಉಪ್ಪು ಮುಂದಾಗಿ ಹಾಕಿದ ಮುರುಗಲ ಪಾನಕ. ನಮ್ಮ ಸೆಖೆಯಲ್ಲಿ ತಾಸಿಗೆ ಒಂದು ಲೀಟರ್ ಬೆವರು ಇಳಿಯುವುದು ಹೊಸದಲ್ಲ, ಬರೀ ನೀರು ಕುಡಿದರೆ ಉಪ್ಪು ಹಿಂದೆ ಬೀಳುತ್ತದೆ. ಐದೂವರೆ ತಾಸಿನ ದಿನ ಹನ್ನೊಂದು ಉಂಡೆ ತಿಂದೆ, ಹೊಟ್ಟೆ ತಣ್ಣಗಿತ್ತು. ಇಂಥದ್ದನ್ನು ರೇಸಿನ ದಿನ ಕಂಡುಕೊಳ್ಳಲಾಗುವುದಿಲ್ಲ. ಉದ್ದದ ಪಾಳಿ ಬೇಕಾಗುವುದು ಮುಖ್ಯವಾಗಿ ಇದಕ್ಕೆ, ನನ್ನ ಅನುಭವದಲ್ಲಿ.

ಚರ್ಮದ್ದು ಸಣ್ಣ ಮಾತು. ಒದ್ದೆ ಬನಿಯನ್ನಿನ ಹೊಲಿಗೆ ಕಂಕುಳಲ್ಲಿ ತಿಕ್ಕಿ ರಕ್ತ ಬರುವುದು ಮೂರು ತಾಸಿನ ಮೇಲೆ. ಹೊಲಿಗೆ ಇಲ್ಲದ ಬಟ್ಟೆ, ಕೊಬ್ಬರಿ ಎಣ್ಣೆ.

ನಿದ್ದೆಯ ಪಾಠ ನಾನು ಎಂದೂ ಮರೆಯುವಂಥದ್ದಲ್ಲ. ಫೆಬ್ರುವರಿಯಲ್ಲಿ ಒಂದು ಶನಿವಾರ ಮಾಸ್ತರರು, "ಇವತ್ತು ಪಾಳಿ ಇಲ್ಲ, ರಾತ್ರಿ ಆಟಕ್ಕೆ ಹೋಗೋಣ" ಎಂದರು. ಅಂಕೋಲೆ ಕಡೆ ಬಯಲಾಟ. ಬೆಳತನಕ ಕೂತು ನೋಡಿದೆವು, ಕಣ್ಣು ಮುಚ್ಚಲು ಬಿಡಲಿಲ್ಲ. ನಾನು ತೂಕಡಿಸಿದಾಗೆಲ್ಲ ಚಂಡೆಗಿಂತ ಮೊದಲು ಅವರ ಮೊಣಕೈ. ಮಂಗಳ ಹಾಡಿದ ಮೇಲೆ ಸೀದಾ ನದಿಗೆ. ಐದೂವರೆಗೆ ದೋಣಿ ಇಳಿಸಿ ತೊಂಬತ್ತೇ ನಿಮಿಷ. ಮಂಜು ಹಾಸಿದ ನೀರು, ದಂಡೆ ಎಲ್ಲಿ ಮುಗಿಯಿತು ನೀರು ಎಲ್ಲಿ ಶುರು ಎಂದು ಕಾಣುವುದಿಲ್ಲ. ಇಪ್ಪತ್ತನೇ ನಿಮಿಷಕ್ಕೇ ನನ್ನ ಸದ್ದು ಒಡೆಯಿತು. ಪುಸ್ತಕದಲ್ಲಿ ಬರೆದುಕೊಂಡರು, ಆದರೆ ಅವತ್ತು ಒಂದು ದಿನ ದಂಡೆಗೆ ಕರೆಯಲಿಲ್ಲ. ಪಾತಿ ದೋಣಿಯಲ್ಲಿ ಪಕ್ಕಕ್ಕೇ ಬಂದು, ಚುಪ್, ಚುಪ್ ಎಂದು ಬಾಯಲ್ಲೇ ತಾಳ ಹಾಕುತ್ತ ಬಂದರು. ಐವತ್ತನೇ ನಿಮಿಷದ ಹೊತ್ತಿಗೆ ಬೆಳಕು ಬಂತು, ಬೆನ್ನು ತಾನಾಗಿ ತಿರುಗತೊಡಗಿತು, ಸದ್ದು ಕೂಡಿಕೊಂಡಿತು. ನಿದ್ದೆಗೆಟ್ಟ ಮೈ ಬೆಳಕು ಕಂಡ ಮೇಲೆ ತಿರುಗಿ ಎದ್ದು ಬರುತ್ತದೆ ಎಂಬುದನ್ನು ಕಲಿಯಲು ಹತ್ತು ತಾಸು ಹುಟ್ಟು ಹಾಕಬೇಕಿಲ್ಲ, ಒಂದು ರಾತ್ರಿ ಎದ್ದಿದ್ದು ಒಂದೂವರೆ ತಾಸು ಹಾಕಿದರೆ ಸಾಕು.

ಕೊರತೆಗಳನ್ನೂ ಹೇಳಬೇಕು. ಆ ಒಂದು ಬೆಳಗಿನ ಜಾವ ಬಿಟ್ಟರೆ ಕತ್ತಲೆಯಲ್ಲಿ ನೀರಿನ ಮೇಲಿನ ಪಾಳಿ ಒಂದೂ ಆಗಲಿಲ್ಲ. ಬಲೆಗಳ ಗೂಟ ಇರುವ ನದಿಯಲ್ಲಿ ರಾತ್ರಿ ಕಳಿಸುವುದಿಲ್ಲ ಎಂದು ಅವರು ಖಡಾಖಂಡಿತ ಹೇಳಿದರು. ಕಾರಣ ಒಪ್ಪುತ್ತೇನೆ, ಆದರೆ ರೇಸಿನ ಅರ್ಧಕ್ಕೆ ಹತ್ತಿರ ರಾತ್ರಿಯೇ. ಥೇಮ್ಸಿನಲ್ಲಿ ಹೆನ್ಲಿ ದಾಟಿದ ಮೇಲೆ ದೂರದ ದೀಪಕ್ಕೂ ಹತ್ತಿರದ ದೀಪಕ್ಕೂ ವ್ಯತ್ಯಾಸ ತಿಳಿಯದೆ ಎರಡು ಸಲ ದಂಡೆಗೆ ಗುದ್ದಿದೆ. ಸುತ್ತ ಗೋಡೆ ಇರುವ ಕೆರೆಯಲ್ಲಾದರೂ ಎರಡು ತಾಸಿನ ರಾತ್ರಿ ಪಾಳಿ ಮೂರ್ನಾಲ್ಕು ಬೇಕಿತ್ತು. ಎರಡನೆಯದು, ದೋಣಿ ಹೊರುವ ಅಭ್ಯಾಸ ಪಾಳಿಯ ಕೊನೆಗೆ ಬರೀ ಹದಿನೈದು ನಿಮಿಷ. ಲಾಕುಗಳಿಲ್ಲದ ಕಾಳಿಯಲ್ಲಿ ಇದನ್ನು ಸರಿಯಾಗಿ ಕಲಿಸುವುದು ಕಷ್ಟ, ಗೊತ್ತು. ರೇಸಿನಲ್ಲಿ ಮೊದಲ ಹದಿನೈದು ಮೈಲಿಯ ಹತ್ತಿರ ಒಂದೂ ಲಾಕ್ ಇಲ್ಲ, ಎರಡು ತಾಸಿಗೂ ಹೆಚ್ಚು ಒಂದೇ ಸಮ ಕೂತಿರುತ್ತೀರಿ. ಆಮೇಲೆ ಕ್ರಾಫ್ಟನ್‌ನಲ್ಲಿ ಒಂದರ ಹಿಂದೆ ಒಂದು ಒಂಬತ್ತು. ಕೂತ ಕಾಲು ಥಟ್ಟನೆ ಓಡಲು ಒಪ್ಪುವುದಿಲ್ಲ, ನನ್ನ ಎಡ ತೊಡೆ ಅಲ್ಲಿ ಹಿಡಿದುಕೊಂಡದ್ದು ಲಂಡನ್‌ವರೆಗೂ ಬಿಡಲಿಲ್ಲ. ಪಾಳಿಯ ನಡುನಡುವೆ, ಇಪ್ಪತ್ತು ನಿಮಿಷಕ್ಕೊಮ್ಮೆ ದೋಣಿ ಎತ್ತಿಸುವ ಒಂದು ದಿನ ವಾರದಲ್ಲಿ ಇರಬೇಕು. ಇದನ್ನು ಅವರಿಗೇ ಹೇಳಿದ್ದೇನೆ, ಬರೆದುಕೊಂಡರು.

ಚಳಿಯ ಬಗ್ಗೆ ಅವರನ್ನು ದೂರುವುದು ಸರಿಯಲ್ಲ. ಕಾರವಾರದಲ್ಲಿ ಕೈ ಮರಗಟ್ಟುವುದನ್ನು ಯಾರೂ ಕಲಿಸಲಾರರು. ಇನ್ನು, ಬಟ್ಟೆ ಬದಲಿಸಲು ಮರೆ ಇಲ್ಲ. ನಮ್ಮ ಜೊತೆ ಕಲಿಯುತ್ತಿದ್ದ ಇಬ್ಬರು ಹುಡುಗಿಯರು ಪಕ್ಕದ ಮನೆಯವರ ಬಚ್ಚಲು ಕೇಳಿಕೊಂಡು ಹೋಗಬೇಕಾಗುತ್ತಿತ್ತು, ಅದು ಬೇಗ ಸರಿಯಾಗಬೇಕು. ಮಾಸ್ತರರು ಫೋನು ಎತ್ತುವುದೂ ಅಪರೂಪ. ಆದರೆ ನಾನು ರೆಡಿಂಗಿಗೆ ಹೋದ ಕೊನೆಯ ಎರಡು ವಾರ ದಿನಾ ರಾತ್ರಿ ಅವರೇ ಫೋನು ಮಾಡಿದರು.

ಆ ಎರಡು ವಾರ ಬಹಳ ಕಷ್ಟದ್ದು. ಮೈ ತುಂಬಾ ಹುರುಪು, ಹೊಸ ನದಿ, ಮಾಣಿ ಜೊತೆಗೆ. ಒಂದು ಉದ್ದದ್ದು ಮಾಡಿ ಪರೀಕ್ಷೆ ಮಾಡಿಕೊಳ್ಳೋಣ ಎಂದು ಇಬ್ಬರಿಗೂ ಆಸೆ. ಮಾಸ್ತರರು ಬಿಡಲಿಲ್ಲ. ಒಬ್ಬರಿಗೊಬ್ಬರು ಹೊಂದಿಕೊಳ್ಳಲು ತೊಂಬತ್ತು ನಿಮಿಷದ್ದು ನಾಲ್ಕು ಸಲ, ಕೊನೆಯ ವಾರ ನಲವತ್ತೈದು ನಿಮಿಷದ್ದು ಎರಡು ಸಲ, ಮುಗಿಯಿತು. "ಸದ್ದು ಹೇಗಿದೆ?" ಎಂದು ದಿನಾ ಕೇಳುತ್ತಿದ್ದರು. ಒಂದು ದಿನ ಮಾಣಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೋಣಿಗೆ ಕಟ್ಟಿ, ಸದ್ದು ಕೇಳಿಸಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಿಂದೆ ಕೂತವನು ಅರ್ಧ ಗಳಿಗೆ ತಡ." ಹಿಂದೆ ಕೂತವನು ನಾನೇ.

ರೇಸಿನ ವಿವರ ಇಲ್ಲಿ ಬೇಡ, ಅದು ಬೇರೆಯೇ ಬರಹ. ತರಬೇತಿಗೆ ಸಂಬಂಧಪಟ್ಟ ಎರಡು ಹೊತ್ತು ಮಾತ್ರ ಹೇಳುತ್ತೇನೆ. ಮೊದಲನೆಯದು, ಐದೂವರೆ ತಾಸು ದಾಟಿದ ನಂತರ, ನ್ಯೂಬರಿಗೆ ಇನ್ನೂ ಸ್ವಲ್ಪ ಇದ್ದಾಗ. ಮಣಿಕಟ್ಟು ಕೆಡಿಸಿದ ಆ ಭಾನುವಾರ ಬಿಟ್ಟರೆ, ಅಲ್ಲಿಂದ ಮುಂದಿನ ಪ್ರತಿ ನಿಮಿಷವೂ ನನಗೆ ಹೊಸದು. ಭಯವಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ, ತೋಳಿಗೆ ತಾಸಿನ ಲೆಕ್ಕ ಗೊತ್ತೇ ಇರಲಿಲ್ಲ, ಚುಪ್ ಎನ್ನುವುದು ಗೊತ್ತಿತ್ತು. ಎರಡನೆಯದು ಓಲ್ಡ್ ವಿಂಡ್ಸರ್ ಲಾಕಿನ ಹತ್ತಿರ, ಬೆಳಗಾಗುವ ಮೊದಲು, ಚಳಿಗೆ ಬೆರಳು ಸತ್ತುಹೋಗಿದ್ದಾಗ. ಮಾಣಿಯ ಸದ್ದು ಒಡೆದದ್ದು ನನಗೆ ಕೇಳಿಸಿತು. ನನ್ನದೂ ಒಡೆದಿತ್ತು. ದಂಡೆಯಲ್ಲಿ ಹೆಂಡತಿ ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಹಿಡಿದು ನಿಂತಿದ್ದಳು. ಇಬ್ಬರೂ ನಿಂತೇ ಕುಡಿದೆವು. ದೋಣಿ ಇಳಿಸಿದ ಮೇಲೆ ನಾನು ಬಾಯಲ್ಲಿ ಚುಪ್, ಚುಪ್ ಎನ್ನತೊಡಗಿದೆ. ಅವನು ಏನೂ ಕೇಳಲಿಲ್ಲ, ಅವನೂ ಶುರು ಮಾಡಿದ. ಬೆಳಕು ಬರುವವರೆಗೆ ಹಾಗೇ ಹೋದೆವು. ಟೆಡಿಂಗ್ಟನ್ ಮುಟ್ಟಿದಾಗ ನೀರು ಇಳಿಯಲು ಹಿಡಿದು ಸುಮಾರು ಹೊತ್ತಾಗಿತ್ತು. ಲಾಕಿನ ಕೆಳಗಿನ ಕಲ್ಲುಗಳ ಮೇಲೆ ಒದ್ದೆಯ ಪಟ್ಟಿ ಒಂದು ಗೇಣು ಕಾಣುತ್ತಿತ್ತು. ಅದನ್ನು ನೋಡಿಯೇ ಗೊತ್ತಾಯಿತು, ಕಾಯಬೇಕಿಲ್ಲ ಎಂದು.

ಮಣಿಕಟ್ಟು? ಪೂರ್ತಿ ಚೆನ್ನಾಗಿತ್ತು. ಅಂಗೈಯಲ್ಲಿ ಬೊಬ್ಬೆ ಬಂತು, ತೊಡೆ ಹಿಡಿಯಿತು, ಬೆನ್ನು ಒಂದು ವಾರ ನೋಯಿತು. ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಮರುದಿನವೇ ನೋಡಿಕೊಂಡೆ, ಒಳಗೆ ಸದ್ದಿಲ್ಲ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ರಾತ್ರಿ ಪಾಳಿ ಇಲ್ಲದ್ದಕ್ಕೆ ಮತ್ತು ಬಟ್ಟೆ ಬದಲಿಸಲು ಮರೆ ಇಲ್ಲದ್ದಕ್ಕೆ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ನದಿ ಕೆಂಪಾಗಿ ಹರಿಯುವಾಗ ತರಬೇತಿ ಇರುವುದಿಲ್ಲ. ಈಜು ಬರದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಮೊದಲು ಈಜು ಕಲಿತು ಬನ್ನಿ ಎನ್ನುತ್ತಾರೆ. ಹದಿನೈದು ದಿನದಲ್ಲಿ ತಯಾರಾಗಬೇಕು ಎನ್ನುವವರು ಹೋಗಬೇಡಿ. ಹೋಗುವುದಾದರೆ ಬೆಳಿಗ್ಗೆ ಏಳರೊಳಗೆ, ಫೋನು ಮಾಡದೆ, ಸೀದಾ ದಂಡೆಗೆ. ಮೆಟ್ಟಿಲ ಮೇಲೆ ಕಣ್ಣು ಅರ್ಧ ಮುಚ್ಚಿ ಕೂತವರು ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಮಾತಾಡಿಸಬೇಡಿ, ಯಾರದ್ದೋ ನಿಮಿಷ ಎಣಿಸುತ್ತಿರುತ್ತಾರೆ. ಈ ನವೆಂಬರಿಗೆ ಮಾಣಿ ಎರಡು ತಿಂಗಳು ರಜೆ ಹಾಕಿ ಬರುತ್ತಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ನನ್ನ ಹೆಸರಿನ ಕೆಳಗೇ ಬರೆಸಿ ಬಂದಿದ್ದೇನೆ, ಎದುರಿನ ಸಾಲು ಖಾಲಿ ಇದೆ.